ಐರ್ಲೆಂಡಿಗೆ ಹೋಗದ ಮಿಕ್ಸರು

ಮೊದಲೇ ಹೇಳಿಬಿಡ್ತೀನಿ, ತಪ್ಪು ನಂದೇ. ಅರ್ಧ ಕಥೆ ಆದಮೇಲೆ ಹೇಳಿದರೆ ಅಷ್ಟರಲ್ಲಿ ನೀವು ನನ್ನನ್ನ ಒಳ್ಳೆ ಹುಡುಗ ಅಂದುಕೊಂಡಿರ್ತೀರ, ಆಮೇಲೆ ಇಬ್ಬರಿಗೂ ಮುಜುಗರ. ಮೇಲಿನ ಮನೆ ಅಕ್ಕ ತನ್ನ ಮಿಕ್ಸರನ್ನು ಐರ್ಲೆಂಡಿಗೆ ತೆಗೆದುಕೊಂಡು ಹೋಗದೆ ಬಿಟ್ಟದ್ದು ನನ್ನ ಗಂಟಲಿನ ದೆಸೆಯಿಂದ. ಗಂಟಲು ಮಾತ್ರ ನಂದು. ಅದರೊಳಗಿಂದ ಹೊರಟ ದನಿ ಓನರ್ ಅಂಕಲ್‌ದು.

ಬಿಟಿಎಂ ಲೇಔಟಿನಲ್ಲಿ ನಮ್ಮದು ಮೂರು ಮನೆಯ ಕಟ್ಟಡ. ನಮ್ಮದು ಅಂದೆನಲ್ಲ, ಅದೂ ಒಂದು ಮಿಮಿಕ್ರಿನೇ. ಕಟ್ಟಡ ಅಂಕಲ್‌ದು, ನಾವು ಬಾಡಿಗೆಯವರು. ಕೆಳಗೆ ಅಂಕಲ್ ಒಬ್ಬರೇ. ನಡುವೆ ನಾನು, ಅಮ್ಮ. ಮೇಲೆ ಗದಗಿನ ಕಡೆಯ ಅಕ್ಕ ಮತ್ತು ಅವರ ಯಜಮಾನರು. ಅಕ್ಕ ಜಯನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಂಕಲ್ ಕರೆಂಟ್ ಆಫೀಸಿನಲ್ಲಿದ್ದು ರಿಟೈರ್ ಆದವರು. ಹಾಗಾಗಿ ನಮ್ಮ ರಸ್ತೆಯಲ್ಲಿ ಬಲ್ಬು ಮಿಣುಕಿದರೂ ಅವರನ್ನೇ ಕೇಳಬೇಕು, ಅವರು ಹೇಳಿದ್ದೇ ಆಗಬೇಕು.

ಅಂಕಲ್‌ಗೆ ಮಂಡಿ ನೋವು. ಮೆಟ್ಟಿಲು ಹತ್ತಿದರೆ ನಮ್ಮ ಬಾಗಿಲ ತನಕ, ಅಲ್ಲಿಂದ ಮುಂದಿಲ್ಲ. ಮೇಲಿನ ಮನೆಯವರಿಗೆ ಏನಾದರೂ ಹೇಳಬೇಕಾದರೆ ನಮ್ಮ ಬಾಗಿಲ ಮುಂದೆ ಕಂಬಿ ಹಿಡಿದು ನಿಂತು, ಎರಡು ಸಲ ಕ್ಯಾಕರಿಸಿ, ಕತ್ತೆತ್ತಿ ಕೂಗೋರು: “ಅಮ್ಮಾ… ನೀರು ಬರ್ತಿದೆ, ಹಿಡ್ಕೊಳ್ಳಿ. ಗೊತ್ತಾಯ್ತಾ?” ಉತ್ತರಕ್ಕೆ ಕಾಯೋರಲ್ಲ. ಮುಖ ತೋರಿಸದ ದನಿ, ಬಾಗಿಲು ತೆರೆಯದ ಉತ್ತರ. ಮೂರು ವರ್ಷ ಅಂಕಲ್ ಮತ್ತು ಅಕ್ಕನ ಸಂಬಂಧ ನಡೆದದ್ದು ಹೆಚ್ಚುಕಮ್ಮಿ ಹೀಗೇ.

ಇನ್ನು ನನ್ನ ಕಸುಬು. ಕಾಲೇಜು ಮುಗಿದಿದೆ, ಅಂದರೆ ನಾನು ಅದನ್ನ ಮುಗಿಸಿದೆನೋ, ಅದು ನನ್ನನ್ನ ಮುಗಿಸಿತೋ ಅಂತ ಅಮ್ಮನಿಗೆ ಇನ್ನೂ ಅನುಮಾನ. ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡಿನ ನಡುವೆ ಹತ್ತು ನಿಮಿಷ ಮಿಮಿಕ್ರಿ ಮಾಡ್ತೀನಿ. ಕುಕ್ಕರ್, ಬಸ್ ಕಂಡಕ್ಟರ್, ಮಡಿವಾಳ ಮಾರ್ಕೆಟ್ಟಿನ ಸೊಪ್ಪಿನವಳು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡ ಮದುವೆ ಗಂಡು, ಎಲ್ಲಾ ಬರುತ್ತೆ. ನನ್ನ ದನಿಯಲ್ಲಿ ಮಾತಾಡು ಅಂದರೆ ಮಾತ್ರ ಸ್ವಲ್ಪ ಹೊತ್ತು ಹುಡುಕಬೇಕು.

ಅಕ್ಕ ಬಂದ ಮೊದಲ ದಿನ ನಮ್ಮ ಬಾಗಿಲಿಗೆ ಬಂದು, “ಆಂಟೀ, ಮಿಕ್ಸರ್‌ಗೆ ಪ್ಲಗ್ ಕೂಡವಲ್ದ್ರಿ, ನಿಮ್ಮ ಮನ್ಯಾಗ ಮಾಡ್ಲೇನ್ರಿ?” ಅಂದರು. ಅಮ್ಮ “ಅದಕ್ಕೇನಮ್ಮಾ” ಅಂತ ಒಳಗೆ ಹೋಗಿ ತಟ್ಟೆ ತಂದಳು. ನಮ್ಮ ಕಡೆ ಮಿಕ್ಸರ್ ಅಂದರೆ ಕಾಫಿ ಜೊತೆ ತಿನ್ನೋ ಖಾರ. ಅರೆಯೋದು ಮಿಕ್ಸಿ. ತಟ್ಟೆ ಹಿಡಿದ ಅಮ್ಮ, ಮಿಕ್ಸರ್ ಹಿಡಿದ ಅಕ್ಕ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತದ್ದನ್ನ ನಾನು ಆಮೇಲೆ ಎಷ್ಟು ಮದುವೆಗಳಲ್ಲಿ ಮಾಡಿ ತೋರಿಸಿದ್ದೀನೋ ಲೆಕ್ಕವಿಲ್ಲ.

ಅಲ್ಲಿಂದ ಶುರುವಾಯ್ತು ನನ್ನ ಕೀಟಲೆ. ಅವರ ಮಾತಲ್ಲಿ ಫ್ಯಾನು, ಲೈಟು, ಟಿವಿ ಎಲ್ಲವನ್ನೂ ‘ಹಚ್ಚೋದು’. ನಮಗೆ ಹಚ್ಚೋದು ಅಂದರೆ ದೀಪ, ಊದುಬತ್ತಿ, ಬೆಂಕಿ. “ಭಾಳ ಶಕಿ ಆಗೇತಿ, ಫ್ಯಾನ್ ಹಚ್ಚೋ ತಮ್ಮಾ” ಅಂದರೆ ನಾನು ಅಡುಗೆಮನೆಯಿಂದ ಬೆಂಕಿಪೊಟ್ಟಣ ತಂದು, ಕಡ್ಡಿ ತೆಗೆದು, ಫ್ಯಾನಿನ ಕೆಳಗೆ ನಿಲ್ಲುತ್ತಿದ್ದೆ. “ಎಲ್ಲಿಂದ ಹಚ್ಲಿ ಅಕ್ಕಾ? ರೆಕ್ಕೆಯಿಂದಾನಾ?” ಅವರು ಲಟ್ಟಣಿಗೆ ಎತ್ತೋರು. ನಾನು ಮೆಟ್ಟಿಲಿಳಿದು ಓಡೋನು.

ಅವರ ಮಿಕ್ಸರಿಗೆ ಒಂದು ವಿಶೇಷ ಇತ್ತು. ಅಕ್ಕನ ಅಪ್ಪ ಊರಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುಟ್ಟ ಪಂಪ್‌ಸೆಟ್ಟು, ಫ್ಯಾನು ಏನೇ ಬರಲಿ, ಹಳೇ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ತಿರುಗಿಸೋದು ಅವರ ಕೆಲಸ. ಈ ಮಿಕ್ಸರ್ ಒಮ್ಮೆ ಸುಟ್ಟಾಗ ಅವರೇ ಬಸ್ಸಿನಲ್ಲಿ ಬಂದು, ಟವೆಲಿನಲ್ಲಿ ಸುತ್ತಿಕೊಂಡು ಊರಿಗೆ ಒಯ್ದು, ಕೈಯಾರೆ ಕಟ್ಟಿ ವಾಪಸ್ ತಂದುಕೊಟ್ಟಿದ್ದರಂತೆ. ಅಂದಿನಿಂದ ಅದರ ಶಬ್ದವೇ ಬೇರೆ. ಸ್ವಿಚ್ ಹಾಕಿದರೆ ಮೊದಲು “ಊಂ…” ಅಂತ ಒಂದು ಕ್ಷಣ ಯೋಚನೆ ಮಾಡುತ್ತೆ, ಆಮೇಲೆ “ಗರ್‍ರ್” ಅಂತ ಹೊರಡುತ್ತೆ. “ನಮ್ಮಪ್ಪ ಮಾತಾಡೂಕಿಂತ ಮೊದ್ಲ ಗಂಟಲಾ ಸರಿ ಮಾಡ್ಕೊಂತಾನಲ್ಲ, ಹಂಗ” ಅನ್ನೋರು ಅಕ್ಕ.

ಅಂಥ ಶಬ್ದ ಸಿಕ್ಕರೆ ನಾನು ಬಿಡ್ತೀನಾ? ಒಂದು ವಾರದಲ್ಲಿ ಕಲಿತೆ. ಅಕ್ಕ ಟೆರೇಸಿನಲ್ಲಿ ಬಟ್ಟೆ ಒಣಗಿಸ್ತಾ ಇದ್ದಾಗ ಅವರ ಬಾಗಿಲ ಹತ್ತಿರ ನಿಂತು “ಊಂ… ಗರ್‍ರ್” ಅಂದರೆ ಸಾಕು, “ಯಪ್ಪಾ, ಮಿಕ್ಸರ್ ಯಾರ ಹಚ್ಚ್ಯಾರ?” ಅಂತ ಒದ್ದೆ ಕೈಯಲ್ಲೇ ಓಡಿ ಬರೋರು. ನನ್ನನ್ನ ನೋಡಿ, “ತಡಿ, ನಮ್ಮಪ್ಪನ ಕಡೆಯಿಂದ ನಿನ್ನ ಬಾಯಿಗೊಂದು ಸ್ವಿಚ್ ಹಾಕಸ್ತೇನಿ” ಅನ್ನೋರು.

ಹೀಗಿರುವಾಗ ಅವರಿಗೆ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಆಯ್ತು. ಹಾಲಿನಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಬಾಯಿ ತೆರೆದು ಕೂತವು. ನಮ್ಮ ಮನೆಯ ತೂಕದ ಮೆಷಿನ್ ಮೇಲಕ್ಕೆ ಹೋಯ್ತು, ಅದರ ಹಿಂದೆ ನಾನೂ. ಸೋಫಾದಲ್ಲಿ ಕೂತು ಕ್ರಿಕೆಟ್ ಕಾಮೆಂಟರಿ ಕೊಡೋದು ನನ್ನ ಕೆಲಸ. ಇಸ್ತ್ರಿಪೆಟ್ಟಿಗೆ ಔಟ್. ರೈಸ್ ಕುಕ್ಕರ್ ಔಟ್. ಕೆಟಲ್ ಬಂದಷ್ಟೇ ಬೇಗ ವಾಪಸ್. ಮಿಕ್ಸರ್ ಮಾತ್ರ ಒಳಗೂ ಇಲ್ಲ, ಹೊರಗೂ ಇಲ್ಲ. ಮೂರು ದಿನ ಕುರ್ಚಿ ಮೇಲೆ ನೆಂಟರ ಥರ ಕೂತಿತ್ತು. ಜಾರುಗಳನ್ನ ಆಗಲೇ ಇಳಕಲ್ ಸೀರೆಯಲ್ಲಿ ಸುತ್ತಿದ್ದರು.

“ಅಲ್ಲೇ ಒಂದು ತಗೊಂಡ್ರಾತು” ಅಂದರು ಯಜಮಾನರು.

“ಅಲ್ಲಿದು ಬರೇ ಹಣ್ಣಿನ ರಸಾ ಮಾಡೂದ್ರಿ. ಅದ್ರಾಗ ಶೇಂಗಾ ಪುಡಿ ಆಗ್ತಾವೇನು? ಒಣಾ ಖಾರ ಆಗ್ತದೇನು? ಇದು ನಮ್ಮಪ್ಪ ಕಟ್ಟಿದ್ದು. ಎಲ್ಲಿ ಹೋದ್ರೂ ಬೇಕ ನನಗ.”

“ಮತ್ತ ಅಮೇರಿಕಾಕ ಒಯ್ದಾಕಿ ನಿನ್ನ ಗೆಳತಿ ಏನಂದ್ಲು? ಹೊಗಿ ಬಂತಂತ ಹೌದಿಲ್ಲೋ?”

ಅದೇ ಪೇಚಾಟ. ಅಮೇರಿಕಾ ಕರೆಂಟ್ ಬೇರೆ, ಅದು ಗೊತ್ತು. ಐರ್ಲೆಂಡಿಂದು? ಫೋನಿನಲ್ಲಿ ಹುಡುಕಿದರೆ ಒಬ್ಬ ಆಗುತ್ತೆ ಅಂತಾನೆ, ಒಬ್ಬ ಅಡಾಪ್ಟರ್ ಅಂತಾನೆ, ಇನ್ನೊಬ್ಬ ಕನ್ವರ್ಟರ್ ಅಂತಾನೆ. ಫೋನು ಹತ್ತು ಥರ ಹೇಳುತ್ತೆ, ಅಂಕಲ್ ಒಂದೇ ಥರ ಹೇಳ್ತಾರೆ. “ನಾಳಿಗೆ ಅಂಕಲ್‌ಗ ಕೇಳತೇನಿ. ಅವರು ಕರೆಂಟ್ ಆಫೀಸಿನ್ಯಾಗ ಇದ್ದವ್ರು. ಅವರು ಏನಂತಾರ ಅದ ಫೈನಲ್” ಅಂದರು ಅಕ್ಕ.

ಫೈನಲ್ ಅನ್ನೋ ಪದ ನನ್ನ ಕಿವಿಯಲ್ಲಿ ಕೂತುಬಿಡ್ತು. ಮಾರನೇ ದಿನ ಬೆಳಗ್ಗೆ ನಾನು ತುಮಕೂರಿನ ಕಡೆ ಎರಡು ಮದುವೆ ಕಾರ್ಯಕ್ರಮಕ್ಕೆ ಹೊರಟಿದ್ದೆ. ಶೂ ಹಾಕಿಕೊಂಡು ಬಾಗಿಲಿಗೆ ಬಂದೆ. ಕಂಬಿ ಕೈಗೆ ಸಿಕ್ತು. ಅಂಕಲ್ ನಿಲ್ಲೋ ಜಾಗ. ಎರಡು ಸಲ ಕ್ಯಾಕರಿಸಿದೆ.

“ಅಮ್ಮಾ… ಹುಡುಗ ಹೇಳ್ದ, ಆ ಮಿಕ್ಸಿ ಪಿಕ್ಸಿ ಎಲ್ಲಾ ಅಲ್ಲಿಗೆ ತಗೊಂಡ್ ಹೋಗ್ಬೇಡಮ್ಮಾ. ಅಲ್ಲಿ ಕರೆಂಟೇ ಬೇರೆ. ಹಚ್ಚಿದ್ರೆ ಹತ್ಕೊಳ್ಳತ್ತೆ. ಗೊತ್ತಾಯ್ತಾ?”

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಯಾರದೇ ದನಿ ಮಾಡಿದರೂ ನಾನು ಒಂದು ಕಡೆ ಬೇಕಂತಲೇ ಒಂದು ತಪ್ಪು ಬಿಡ್ತೀನಿ. ಕೇಳೋರು ಅಲ್ಲಿ ಎಡವಿ, “ಅಯ್ಯೋ ಇವನಾ!” ಅಂತ ನಗಬೇಕು. ಆ ನಗು ಬಂದರೆ ಮಿಮಿಕ್ರಿ. ಬರದಿದ್ದರೆ ಅದು ಬರೀ ಮೋಸ. ಅವತ್ತು ನಾನು ಬಿಟ್ಟ ತಪ್ಪು ‘ಹಚ್ಚಿದ್ರೆ’. ಮೈಸೂರಲ್ಲಿ ಹುಟ್ಟಿ, ಬೆಂಗಳೂರಲ್ಲಿ ಬಲ್ಬು ಎಣಿಸಿದ ಅಂಕಲ್ ಜನ್ಮದಲ್ಲಿ ಆ ಪದ ಆಡೋರಲ್ಲ. ‘ಹಾಕಿದ್ರೆ’ ಅಂತಾರೆ. ಮೂರು ವರ್ಷ ಬೆಂಕಿಪೊಟ್ಟಣ ಹಿಡಿದು ಕಾಡಿಸಿದ ಪದ ಅದು, ಅಕ್ಕನಿಗೆ ಥಟ್ ಅಂತ ಗೊತ್ತಾಗುತ್ತೆ, ಲಟ್ಟಣಿಗೆ ಹಿಡಿದು ಬರ್ತಾರೆ ಅಂತ ನನ್ನ ಲೆಕ್ಕ.

ಮೇಲಿನಿಂದ ಬಂದದ್ದು, “ಹೌದೇನ್ರಿ ಅಂಕಲ್? ಆತ್ರಿ.”

ನಗುವಿಗೆ ಕಾದೆ. ಅಷ್ಟರಲ್ಲಿ ಕೆಳಗೆ ಆರ್ಕೆಸ್ಟ್ರಾ ವ್ಯಾನಿನ ಹಾರ್ನ್. “ಲೋ ಮಗಾ, ಮದುವೆ ಮುಗಿದು ಸೀಮಂತ ಆದ್ಮೇಲೆ ಬರ್ತೀಯಾ?” ಅಂತ ಡ್ರಮ್ಸ್‌ನವನ ಕೂಗು. ಇಳಿದು ಓಡಿದೆ. ನೆಲಮಂಗಲ ದಾಟೋ ಹೊತ್ತಿಗೆ ಮರೆತೂಬಿಟ್ಟೆ. ಇದನ್ನ ಬರೆಯೋಕೆ ಕೈ ಬರಲ್ಲ, ಆದರೂ ಬರೀತೀನಿ: ಪೂರ್ತಿ ಮರೆತಿದ್ದೆ.

ಎರಡು ದಿನ ಬಿಟ್ಟು ಬಂದು ನೀರು ಕುಡಿಯೋಕೆ ಅಡುಗೆಮನೆಗೆ ಹೋದರೆ, ನಮ್ಮ ಕಟ್ಟೆ ಮೇಲೆ ಅಕ್ಕನ ಮಿಕ್ಸರ್. ಪಕ್ಕದಲ್ಲಿ ಮೂರು ಜಾರು, ತೊಳೆದು ಬೋರಲು ಹಾಕಿದ್ದು. ಇಳಕಲ್ ಸೀರೆ ಇರಲಿಲ್ಲ.

“ಇದ್ಯಾಕಮ್ಮಾ ಇಲ್ಲಿದೆ?”

“ಪಾಪ, ಆ ಹುಡುಗಿ ಕೊಟ್ಟೋದ್ಲು ಕಣೋ. ಅಂಕಲ್ ಬೇಡ ಅಂದ್ರಂತೆ. ಅವಳ ಅಪ್ಪನಿಗೂ ಫೋನ್ ಮಾಡಿ ಕೇಳಿದ್ಲಂತೆ. ‘ನಿಮ್ಮ ಓನರು ಕರೆಂಟ್ ಆಫೀಸಿನವ್ರು ಹೇಳಿದ ಮ್ಯಾಲೆ ನಾ ಏನ ಹೇಳ್ಲವ್ವಾ, ನಾ ಬರೇ ಸುಟ್ಟಿದ್ದನ್ನ ಕಟ್ಟಾಂವ’ ಅಂದ್ರಂತೆ. ನಮ್ಮ ಜಾರು ಸೋರುತ್ತಲ್ಲ, ಅದು ನೋಡಿ ನನಗೇ ಕೊಟ್ಲು. ಕೊಡುವಾಗ ಕಣ್ಣಲ್ಲಿ ನೀರು.”

ನಾನು ಲೋಟಕ್ಕೆ ನೀರು ಬಗ್ಗಿಸಿದೆ. ಅಮ್ಮ ಮುಂದುವರಿಸಿದಳು. “ಒಂದು ಮಾತು ಹೇಳಿ ನಕ್ಕಳು ನೋಡು. ‘ಆಂಟಿ, ಮೂರು ವರ್ಷ ಆದಮ್ಯಾಲೆ ಅಂಕಲ್ ಬಾಯಾಗ ನಮ್ಮ ಮಾತು ಬಂತ್ರಿ. ಹಚ್ಚಿದ್ರೆ ಅಂದ್ರು. ನನಗ ಅಂತ ನಮ್ಮ ಭಾಷಾದಾಗ ಹೇಳಿದ್ರು’ ಅಂತ.”

ನಾನು ನಗಲಿ ಅಂತ ಇಟ್ಟ ಪದ ಅದು. ಅವರ ಕಿವಿಗೆ ಅದು ದಿನಾ ಕೇಳುವ ಪದ, ಎಡವೋದೆಲ್ಲಿಂದ ಬಂತು? ಎಡವದೇ ಇದ್ದದ್ದಷ್ಟೇ ಅಲ್ಲ, ಅದನ್ನೇ ಪ್ರೀತಿ ಅಂದುಕೊಂಡಿದ್ದಾರೆ. ನೀರು ಕುಡಿಯಲಿಲ್ಲ. ಲೋಟ ಹಾಗೇ ಇಟ್ಟೆ.

ಹೋಗಲಿ, ಅಂಕಲ್ಲಾದರೂ “ನಾನು ಹೇಳೇ ಇಲ್ಲ” ಅಂದರೆ ಎಲ್ಲಾ ಬಯಲಾಗುತ್ತಲ್ಲ ಅಂತ ಒಂದು ಹೇಡಿ ಆಸೆ ಇತ್ತು. ಸಂಜೆ ಅಂಕಲ್ ಮೆಟ್ಟಿಲು ಹತ್ತಿ ಬಂದರು. ಅಮ್ಮ, “ಸಾರ್, ಮಿಕ್ಸಿ ಬೇಡ ಅಂತ ಆ ಹುಡುಗಿಗೆ ನೀವು ಹೇಳಿದ್ದು ಒಳ್ಳೇದಾಯ್ತು” ಅಂದಳು.

ಅಂಕಲ್ ಎರಡು ಸಲ ಕಣ್ಣು ಮಿಟುಕಿಸಿದರು.

“ಹೂಂ… ಹೌದೌದು. ಮತ್ತೆ? ಜೀವಮಾನವೆಲ್ಲ ಕರೆಂಟ್ ಜೊತೆ ಇದ್ದೋನು ನಾನು, ಅಷ್ಟು ಗೊತ್ತಿಲ್ವಾ?” ಅಂದು ಮೀಸೆ ಸವರಿಕೊಂಡು ಇಳಿದು ಹೋದರು. ನನ್ನ ಸುಳ್ಳಿಗೆ ಓನರ್ ಸಿಕ್ಕಿದ್ದರು.

ಅಕ್ಕ ಹೊರಡೋಕೆ ಇನ್ನೂ ಎರಡು ದಿನ ಇತ್ತು. ಎರಡು ದಿನ ಅಂದರೆ ಬೇಕಾದಷ್ಟು. ಮೆಟ್ಟಿಲು ಎಣಿಸಿಕೊಂಡು ಮೇಲೆ ಹೋದೆ. ಅಕ್ಕ ಸೂಟ್‌ಕೇಸ್ ಮೇಲೆ ಕೂತು ಜಿಪ್ ಎಳೆಯುತ್ತಿದ್ದರು. “ನೋಡೋ ತಮ್ಮಾ, ಮಿಕ್ಸರ್ ಇಡೂ ಜಾಗಾದಾಗ ಏನೇನ ಹಿಡೀತು! ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸ್ವೆಟರ್, ಇವರ ಬೂಟು. ತೂಕಾ ಬರೋಬ್ಬರಿ ಕೂತೈತಿ. ಅಂಕಲ್ ಪುಣ್ಯಾ.” ಬಾಯಿ ತೆರೆದೆ. “ನಾಡಿದ್ದು ಬೂಟನ್ನ ಚಟ್ನಿಲಿ ಅದ್ದಿ ತಿನ್ನಬೇಡಿ” ಅಂದೆ. ಅವರು ನಕ್ಕರು. ನಾನು ಇಳಿದು ಬಂದೆ. ಇಷ್ಟೇ ನನ್ನ ಪೌರುಷ.

ಹೊರಡೋ ದಿನ ಟ್ಯಾಕ್ಸಿ ಬಂತು. ಅಕ್ಕ ಅಮ್ಮನನ್ನ ತಬ್ಬಿಕೊಂಡರು, ಅಂಕಲ್ ಕಾಲಿಗೆ ನಮಸ್ಕಾರ ಮಾಡಿದರು. ನನ್ನ ಕಡೆ ತಿರುಗಿ, “ತಮ್ಮಾ, ಒಮ್ಮೆ ಹಚ್ಚೋ” ಅಂದರು.

“ಏನಕ್ಕಾ?”

“ನಮ್ಮ ಮಿಕ್ಸರ್. ಬಾಯಾಗ. ಇನ್ನ ಎಲ್ಲಿ ಕೇಳ್ಲಿ ಅದನ್ನ?”

ಸಾವಿರ ಜನರ ಮುಂದೆ ಹೆದರದೋನು ನಾನು. ಅವತ್ತು “ಊಂ…” ಅಂತ ಬಂತು. ಮುಂದಿನ “ಗರ್‍ರ್” ಬರಲೇ ಇಲ್ಲ. ಗಂಟಲು ಕಟ್ಟಿದೆ ಅಂದೆ. ಅವರು ಹೋಗ್ತಿರೋದಕ್ಕೆ ನನಗೆ ಬೇಜಾರು ಅಂದುಕೊಂಡು ಅಕ್ಕ ನನ್ನ ತಲೆ ಸವರಿ ಕಾರು ಹತ್ತಿದರು.

ಆಮೇಲೆ ದಿನಾ ಬೆಳಗ್ಗೆ ನಮ್ಮನೆ ಚಟ್ನಿಗೆ ಆ ಮಿಕ್ಸರ್ ಗಂಟಲು ಸರಿ ಮಾಡಿಕೊಳ್ಳೋದು. ನಾನು ಹಾಸಿಗೆಯಲ್ಲಿ ಬೆಡ್‌ಶೀಟ್ ಎಳೆದುಕೊಳ್ಳೋದು. ಗದಗಿನ ಯಾರೋ ಅಪ್ಪ ನಮ್ಮ ಅಡುಗೆಮನೆಯಲ್ಲಿ ನಿಂತು “ಊಂ…” ಅಂತ ಏನೋ ಕೇಳೋಕೆ ಶುರುಮಾಡಿದ ಹಾಗೆ. ದೋಸೆಗೆ ಸಕ್ಕರೆ ಹಾಕಿಕೊಂಡು ತಿನ್ನೋಕೆ ಶುರುಮಾಡಿದೆ. “ಇವನಿಗೇನು ಬಂತು ರೋಗ?” ಅಂದಳು ಅಮ್ಮ.

ಒಂದು ತಿಂಗಳಾದ ಮೇಲೆ ಅಮ್ಮನ ಫೋನಿಗೆ ಅಕ್ಕನ ವಾಯ್ಸ್ ಮೆಸೇಜ್ ಬಂತು. ಅಮ್ಮ ಸ್ಪೀಕರಿಗೆ ಹಾಕಿದಳು. “ಆಂಟೀ, ಆರಾಮ ಅದೇವ್ರಿ. ಒಂದ್ ಮಾತ್ರಿ. ಇಲ್ಲಿ ಕರೆಂಟ್ ನಮ್ಮಂಥಾದ್ದ ಐತ್ರಿ. ನನ್ನ ಜೋಡಿ ಡ್ಯೂಟಿ ಮಾಡೂ ಕೇರಳದಾಕಿ ಅವರ ಊರಿನ ಮಿಕ್ಸರ್ ತಂದಾಳ, ಬರೇ ಪಿನ್ ಬದಲೀ ಮಾಡಿ ಹಚ್ಚತಾಳ, ಏನೂ ಆಗಿಲ್ಲ. ನಾ ಇಲ್ಲಿ ತಗೊಂಡಿದ್ದು ಶೇಂಗಾ ಹಾಕಿದ ಕೂಡ್ಲೆ ಸುಟ್ಟ ವಾಸನಿ ಬಂದು ನಿಂತ ಬಿಡ್ತು. ಇದನ್ನ ಅಂಕಲ್ ಮುಂದ ಮಾತ್ರ ಹೇಳಬ್ಯಾಡ್ರಿ. ವಯಸ್ಸಾದವ್ರು, ಮನಸ್ಸಿಗೆ ಹಚ್ಕೊಂತಾರ.”

ತಪ್ಪು ಮಾಡದ ಮುದುಕರನ್ನ ಅಕ್ಕ ಅಷ್ಟು ದೂರದಿಂದ ಕಾಪಾಡ್ತಿದ್ದರು. ತಪ್ಪು ಮಾಡಿದೋನು ಇಲ್ಲಿ ಸಕ್ಕರೆ ದೋಸೆ ತಿಂತಾ ಇದ್ದೆ.

ಅಮ್ಮನ ಬಾಯಲ್ಲಿ ಮಾತು ನಿಲ್ಲೋದು ಹೆಚ್ಚೆಂದರೆ ಅರ್ಧ ದಿನ. ಸಂಜೆ ಅಂಕಲ್ ನೀರಿನ ವಿಷಯ ಹೇಳೋಕೆ ಬಂದಾಗ ಹೇಳಿಯೇಬಿಟ್ಟಳು. “ಏನು ಸಾರ್ ನೀವು, ಅಲ್ಲಿ ನಮ್ಮ ಮಿಕ್ಸಿ ನಡೆಯುತ್ತಂತೆ. ನಿಮ್ಮ ಮಾತು ಕೇಳಿ ಪಾಪ ಬಿಟ್ಟೋದ್ಲು.”

ಅಂಕಲ್ ಜೋರು ಮಾಡ್ತಾರೆ ಅಂದುಕೊಂಡೆ. ಮಾಡಲಿಲ್ಲ. ಕಂಬಿಯನ್ನ ಎರಡು ಕೈಯಲ್ಲೂ ಹಿಡಿದರು. “ನಾನು ಹೇಳ್ದೆನಾ ಅದನ್ನ?” ಅಂದರು. “ಯಾವತ್ತು ಹೇಳ್ದೆ? ನಿಜ ಹೇಳ್ಬೇಕು ಅಂದ್ರೆ ನಂಗೆ ನೆನಪೇ ಬರ್ತಿಲ್ಲಮ್ಮಾ. ಅವತ್ತು ನೀವು ಹೇಳಿದಾಗ್ಲೂ ನೆನಪಿರ್ಲಿಲ್ಲ. ಸುಮ್ನೆ ಹೂಂ ಅಂದೆ. ಮಗಳಿಗೆ ಫೋನ್ ಮಾಡಿ ಕೇಳ್ದೆ, ಡಾಕ್ಟರಿಗೆ ತೋರ್ಸಿ ಅಂದ್ಲು. ಹೋಗ್ಬೇಕು.”

ಒಂದು ತಿಂಗಳು ಆ ಮನುಷ್ಯ ತನ್ನ ತಲೆ ಕೆಡ್ತಿದೆ ಅಂದುಕೊಂಡು ಮೆಟ್ಟಿಲು ಹತ್ತಿ ಇಳಿದಿದ್ದರು. ನನ್ನ ಕಾಲು ತಾನಾಗೇ ಹೊಸ್ತಿಲು ದಾಟಿತು.

“ಅಂಕಲ್, ನೀವು ಹೇಳಿಲ್ಲ. ನಾನು ಹೇಳಿದ್ದು. ನಿಮ್ಮ ದನಿಯಲ್ಲಿ.”

ಅಂಕಲ್ ನನ್ನನ್ನೇ ನೋಡಿದರು. “ಮಾಡಿ ತೋರ್ಸು” ಅಂದರು.

“ಬೇಡ ಅಂಕಲ್…”

“ಮಾಡೋ.”

ಅದೇ ಕಂಬಿ ಪಕ್ಕದಲ್ಲಿ, ಅವರ ಮುಂದೇನೇ ಎರಡು ಸಲ ಕ್ಯಾಕರಿಸಿ, ಅಷ್ಟನ್ನೂ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ, “ನಾನು ‘ಹಚ್ಚಿದ್ರೆ’ ಅನ್ನಲ್ಲ” ಅಂದರು. “‘ಹಾಕಿದ್ರೆ’ ಅಂತೀನಿ.”

“ಗೊತ್ತು ಅಂಕಲ್.”

“ಗೊತ್ತಲ್ವಾ? ಹಾಗಾದ್ರೆ ನನ್ನ ತಲೆ ಸರಿ ಇದೆ.” ಮುಖದಲ್ಲಿ ಒಂದು ತಿಂಗಳ ಭಾರ ಇಳಿದದ್ದು ಕಾಣಿಸ್ತು. ಕೂಡಲೇ ಅದರ ಜಾಗಕ್ಕೆ ಸಿಟ್ಟು ಬಂತು. “ಕತ್ತೆ. ಆ ಹುಡುಗಿಗೆ ಹೇಳು ಇದನ್ನ. ಈಗ್ಲೇ. ನನ್ನ ದನಿಯಲ್ಲಿ ಅಲ್ಲ.”

ಮೂರು ಸಲ ರೆಕಾರ್ಡ್ ಮಾಡಿದೆ. ಮೊದಲನೇದು ವಾರ್ತೆ ಓದಿದ ಹಾಗೆ ಆಯ್ತು, ಅಳಿಸಿದೆ. ಎರಡನೇದರಲ್ಲಿ ಗೊತ್ತಿಲ್ಲದೇ ಅಕ್ಕನದೇ ಮಾತು ನುಸುಳಿತು, ಅದನ್ನೂ ಅಳಿಸಿದೆ. ಮೂರನೇದು ಚಿಕ್ಕದು. “ಅಕ್ಕಾ, ಅವತ್ತು ಮೆಟ್ಟಿಲ ಮೇಲಿಂದ ಹೇಳಿದ್ದು ಅಂಕಲ್ ಅಲ್ಲ, ನಾನು. ನೀವು ಹಿಡೀತೀರ ಅಂದ್ಕೊಂಡೆ. ನೀವು ಹೋಗೋ ಮುಂಚೆ ಗೊತ್ತಿದ್ದೂ ಹೇಳ್ಲಿಲ್ಲ. ತಪ್ಪಾಯ್ತು. ಅಲ್ಲಿಗೆ ಯಾರಾದ್ರೂ ಬರೋರು ಸಿಕ್ಕಿದ್ರೆ ಹೇಳಿ, ಮಿಕ್ಸರ್ ಅವರ ಕೈಲಿ ಕಳಿಸ್ತೀನಿ. ಇಲ್ಲಾಂದ್ರೆ ಹೇಗಾದ್ರೂ ಕಳಿಸ್ತೀನಿ.”

ಎರಡು ನೀಲಿ ಟಿಕ್ ಬಂದವು. ಉತ್ತರ ಬರಲಿಲ್ಲ. ಅವತ್ತೂ ಇಲ್ಲ, ಮಾರನೇ ಬೆಳಗ್ಗೆಯೂ ಇಲ್ಲ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು. ಮಿಕ್ಸರನ್ನ ಒರೆಸಿ, ಮೇಲೊಂದು ಬಟ್ಟೆ ಹೊದಿಸಿ, ಚಟ್ನಿಯನ್ನ ಸೋರೋ ಜಾರಿನಲ್ಲೇ ಮಾಡಿದಳು. ಅಂಕಲ್ ಮಂಡಿ ಹಿಡಿದುಕೊಂಡು ಎರಡು ಸಲ ಹತ್ತಿ ಬಂದು “ಬಂತಾ?” ಅಂತ ಕೇಳಿ ಹೋದರು. ಮೂರನೇ ಸಲ ಬಂದೋರು ಇಳಿಯೋಕಾಗದೆ ನಮ್ಮ ಹಾಲಿನ ಕುರ್ಚಿಯಲ್ಲೇ ಕೂತರು. ಆಗ ಫೋನ್ ಟಿಣ್ ಅಂತು. ನಾನು ಒತ್ತಿದೆ.

ಮೊದಲು ಯಾವುದೋ ಟ್ರಾಲಿ ಉರುಳುವ ಸದ್ದು. ಒಂದು ಉದ್ದ ಉಸಿರು. ಆಮೇಲೆ ಅಕ್ಕ. ಕೊನೆಯ ಒಂದು ಪದವನ್ನ ಮಾತ್ರ, ಎರಡು ಸಲ ಕ್ಯಾಕರಿಸಿ, ಅಂಕಲ್ ದನಿಯಲ್ಲಿ ಅಂದರು. ಅದೇನು ಸುಮಾರಾದ ಮಿಮಿಕ್ರಿ ಅಲ್ಲ, ತೀರಾ ಕೆಟ್ಟದ್ದು. ಆದರೂ ಅಂಕಲ್ ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಹುಚ್ಚಪ್ಯಾಲಿ. ಮಿಕ್ಸರ್ ಆಂಟಿಗೆ ಕೊಟ್ಟೇನಿ, ಅಲ್ಲೇ ಇರ್ಲಿ. ನೀ ಬಾಯಾಗ ಮಿಕ್ಸರ್ ಹಚ್ಚತಿದ್ದಿ ಅಲ್ಲ? ಅದ ಬಾಯಾಗ ಒಂದು ಕಿಲೋ ಶೇಂಗಾ ಹಾಕ್ಕೊಂಡು, ಸಣ್ಣಗ ಪುಡಿ ಮಾಡಿ, ಇಲ್ಲಿಗೆ ಕಳಸು. ಗೊತ್ತಾಯ್ತಾ?”